ಸಿಡಿಲಿಗೆ ಮೊದಲ ಇಪ್ಪತ್ತು ನಿಮಿಷ

ನಮ್ಮಕ್ಕ ವನಜಾಕ್ಷಿ ಕೂತಲ್ಲಿ ಕೂರುವ ಪೈಕಿಯಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದಳು ಎಂದು ನಮ್ಮಮ್ಮ ಬೈಯುತ್ತಿದ್ದರು. ಎಪ್ಪತ್ತು ದಾಟಿದ ಮೇಲೂ ಕಾಫಿ ಲೋಟ ಹಿಡಿದುಕೊಂಡು ಅಡುಗೆಮನೆಯಿಂದ ತಾರಸಿಗೆ, ತಾರಸಿಯಿಂದ ನಡುಮನೆಗೆ ಓಡಾಡುತ್ತಲೇ ಇರುತ್ತಾಳೆ. ಅಷ್ಟರಲ್ಲಿ ಕಾಫಿ ಆರಿ ಕೆನೆ ಕಟ್ಟುತ್ತದೆ. ಆಮೇಲೆ ಬೈಗುಳ ನನಗೆ, ಕಾಫಿ ಬಿಸಿ ಇರಲಿಲ್ಲವಂತೆ.

ಊರಿನವರು ಅವಳನ್ನು ಡಾಕ್ಟ್ರಮ್ಮ ಎನ್ನುತ್ತಾರೆ. ಮಂಡಿನೋವು, ಎದೆಯುರಿ ಎಂದುಕೊಂಡು ಬಂದವರಿಗೆಲ್ಲ ಅವಳು ಮೊದಮೊದಲು ತಾಳ್ಮೆಯಿಂದಲೇ ಹೇಳಿದಳು: "ನಾನು ಆ ಡಾಕ್ಟ್ರಲ್ಲ ಕಣ್ರೀ, ನಾನು ನೋಡೋದು ಮೋಡನ." ಆಮೇಲೆ ತಾಳ್ಮೆ ಕಳೆದುಕೊಂಡು ಬೈದು ಕಳಿಸತೊಡಗಿದಳು. ಬೈಸಿಕೊಂಡವರು ನನ್ನ ಹತ್ತಿರ ಬಂದು ಶುಂಠಿ ಕಷಾಯ ಕುಡಿದು ಹೋಗುತ್ತಿದ್ದರು. ನಾನು ತಿಪಟೂರಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರಾಗಿದ್ದು ನಿವೃತ್ತಳಾದವಳು, ಹೆಸರು ಶಾಂತಕುಮಾರಿ. ಬೇಸಿಗೆ ಬಂತೆಂದರೆ ಶೆಟ್ಟಿಕೆರೆಯಲ್ಲಿ ಬಸ್ಸಿಳಿದು, ಅಲ್ಲಿಂದ ಆಟೋದಲ್ಲಿ ನಮ್ಮ ಹಳ್ಳಿಗೆ ಬಂದು ಅಕ್ಕನ ಜೊತೆ ಇರುತ್ತೇನೆ. ಇಲ್ಲದಿದ್ದರೆ ಅವಳು ಊಟ ಮಾಡುವುದನ್ನೇ ಮರೆಯುತ್ತಾಳೆ.

ಅಕ್ಕ ಏನು ಮಾಡಿದವಳು ಎಂದು ಊರಿಗೆ ಸರಿಯಾಗಿ ಗೊತ್ತಿಲ್ಲ. ಹೇಳಿದರೆ ನಂಬುವುದೂ ಇಲ್ಲ. ಈ ಹಳ್ಳಿಯಿಂದ ಚಿಕ್ಕನಾಯಕನಹಳ್ಳಿಗೆ, ಅಲ್ಲಿಂದ ತುಮಕೂರಿಗೆ, ಮೈಸೂರಿಗೆ ಓದಲು ಹೋದವಳು ಕೊನೆಗೆ ಪುಣೆಯ ಒಂದು ಸಂಶೋಧನಾ ಸಂಸ್ಥೆ ಸೇರಿದಳು. ಗುಡುಗಿನ ಮೋಡದೊಳಗೆ ಬಲೂನು ಬಿಟ್ಟು ಅಲ್ಲಿಯ ವಿದ್ಯುತ್ತು ಎಷ್ಟಿದೆ ಎಂದು ಅಳೆಯುವ ಕೆಲಸಕ್ಕೆ ಕೈ ಹಾಕಿದಾಗ ಅಲ್ಲಿ ಇನ್ನೊಬ್ಬ ಹೆಂಗಸು ಇರಲಿಲ್ಲ. ಬಲೂನಿಗೆ ಕಟ್ಟುವ ಯಂತ್ರಗಳನ್ನು ಅವಳೇ ಬೆಸುಗೆ ಹಾಕಿ ಮಾಡುತ್ತಿದ್ದಳು. ಮೋಡ ಹೊಕ್ಕ ಮೇಲೆ ಬಲೂನು ಒಡೆದು ಅವು ಎಲ್ಲೆಲ್ಲೋ ಬೀಳುತ್ತಿದ್ದವು. ಒಂದು ಸೊಲ್ಲಾಪುರದ ಕಡೆ ಯಾರದೋ ಜೋಳದ ಹೊಲದಲ್ಲಿ ಬಿತ್ತು. ಅಲ್ಲಿಯವರು ಬಾಂಬೆಂದು ತಿಳಿದು ದೊಣ್ಣೆ ಹಿಡಿದು ಕಾವಲು ನಿಂತರು, ಪೊಲೀಸರು ಬಂದರು. ಅಕ್ಕ ಲಾರಿ ಹತ್ತಿ ಅಲ್ಲಿಗೆ ಹೋಗಿ, ಠಾಣೆಯ ಬೆಂಚಿನ ಮೇಲೆ ಕೂತು, ಗೊತ್ತಿದ್ದಷ್ಟು ಮರಾಠಿಯಲ್ಲಿ, ಇದು ಬಾಂಬಲ್ಲ, ಮೋಡದ ಜ್ವರ ನೋಡುವ ಥರ್ಮಾಮೀಟರು ಎಂದಳಂತೆ. ಇನ್ಸ್‌ಪೆಕ್ಟರು ನಕ್ಕು ಬಿಟ್ಟುಕೊಟ್ಟರಂತೆ.

ಮದುವೆಯ ಮಾತು ತಂದಾಗಲೆಲ್ಲ ಮಳೆಗಾಲ ಮುಗಿಯಲಿ ಎನ್ನುತ್ತಿದ್ದಳು. ಮಳೆಗಾಲ ಮುಗಿದರೆ ಲೆಕ್ಕ ಮುಗಿಯಬೇಕು. ಲೆಕ್ಕ ಮುಗಿಯುವ ಹೊತ್ತಿಗೆ ಮತ್ತೆ ಮಳೆಗಾಲ. ಹೀಗೆ ನಮ್ಮಪ್ಪ ಕಾದೂ ಕಾದೂ ಸುಮ್ಮನಾದರು.

ಅವಳ ಜೀವಮಾನದ ಸಾಧನೆ ಏನೆಂದು ಯಾರಾದರೂ ನನ್ನನ್ನು ಕೇಳಿದರೆ ಇಪ್ಪತ್ತು ನಿಮಿಷ ಎನ್ನುತ್ತೇನೆ. ಮೊದಲ ಸಿಡಿಲು ಬೀಳುವ ಸುಮಾರು ಇಪ್ಪತ್ತು ನಿಮಿಷ ಮೊದಲೇ ನೆಲದ ಮೇಲಿನ ಗಾಳಿಯಲ್ಲಿ ವಿದ್ಯುತ್ತಿನ ಬಲ ಒಂದು ರೀತಿಯಲ್ಲಿ ತಿರುಗಿ ಏರುತ್ತದೆ. ಆ ಏರಿಕೆಯ ಗುರುತು ಹಿಡಿದರೆ ಸಿಡಿಲನ್ನು ಮೊದಲೇ ಹೇಳಬಹುದು. ಇದನ್ನು ಖಚಿತವಾಗಿ ಹೇಳಲು ಅವಳಿಗೆ ಮೂವತ್ತು ವರ್ಷ ಹಿಡಿಯಿತು. ಖಚಿತ ಎನ್ನುವುದು ಅವಳಿಗೆ ದೇವರಿದ್ದ ಹಾಗೆ. ಶಿಷ್ಯರ ಬರಹದಲ್ಲಿ ‘ಬಹುಶಃ’ ಎಂಬ ಮಾತು ಕಂಡರೆ ಕೆಂಪು ಶಾಯಿಯಲ್ಲಿ ಹೊಡೆದು, ಗೊತ್ತಿದ್ದರೆ ಬರಿ, ಗೊತ್ತಿಲ್ಲದಿದ್ದರೆ ಹೋಗಿ ಅಳೆದು ಬಾ ಎನ್ನುತ್ತಿದ್ದಳಂತೆ. ಹವಾಮಾನ ಮುನ್ಸೂಚನೆ ಹೇಳುವವರನ್ನು ಕಂಡರೆ ಅವಳಿಗಾಗದು. ಜೋಯಿಸರು ಎಂದು ಆಡಿಕೊಳ್ಳುತ್ತಾಳೆ.

ನಿವೃತ್ತಳಾದ ಮೇಲೆ ಯಾರ್ಯಾರೋ ಎಲ್ಲೆಲ್ಲಿಗೋ ಕರೆದರು. ಅವಳು ಊರ ಅಂಚಿನಲ್ಲಿ ಒಂದು ಆರ್‌ಸಿಸಿ ಮನೆ ಕೊಂಡು ಇಲ್ಲಿಗೇ ಬಂದಳು. "ಪೇಪರ್ ಬರೆದಿದ್ದು ಸಾಕು ಕಣೇ ಶಾಂತಿ. ಒಂದು ಊರಲ್ಲಾದ್ರೂ ಸಿಡ್ಲಿಗೆ ಒಂದು ಜೀವ ಹೋಗಬಾರ್ದು. ಅದೊಂದು ನೋಡ್ಬಿಟ್ರೆ ನಂಗೆ ಸಾಕು," ಎಂದಳು. ನಮ್ಮ ಕಡೆ ಸಿಡಿಲಿಗೆ ಮೊದಲು ಸಿಗುವುದು ತೆಂಗಿನ ಮರ, ಅದರ ಕೆಳಗಿರುವವರು ಆಮೇಲೆ. ಸುಳಿ ಸುಟ್ಟು ಬೋಳು ಕಂಬವಾಗಿ ನಿಂತ ಮರ ಒಂದಾದರೂ ಇಲ್ಲದ ತೋಟವಿಲ್ಲ.

ಅವಳ ಮನೆಯ ತಾರಸಿಯ ಮೇಲೆ ಯಂತ್ರ ಬಂತು. ಮೇಲೆ ಫ್ಯಾನಿನಂಥ ರೆಕ್ಕೆಗಳು ಸುತ್ತುತ್ತಿರುತ್ತವೆ. ಪಕ್ಕದಲ್ಲಿ ಒಂದು ಸೈರನ್ನು. ಗಾಳಿಯಲ್ಲಿ ವಿದ್ಯುತ್ತು ಏರಿತೆಂದರೆ ಸೈರನ್ನು ತಾನಾಗೇ ಕೂಗುತ್ತದೆ. ಅಕ್ಕ ಮನೆಮನೆಗೂ ಹೋಗಿ ಹೇಳಿದಳು. ಸೈರನ್ ಆದ ತಕ್ಷಣ ಎಲ್ಲರೂ ಮನೆಯೊಳಗಿರಬೇಕು, ಮರದಡಿ ನಿಲ್ಲಬಾರದು, ಬಯಲಲ್ಲಿ ಇರಬಾರದು. ಎಲ್ಲರೂ "ಆಯ್ತು ಕಣವ್ವ" ಎಂದರು.

ಮೊದಲ ವರ್ಷ ಸೈರನ್ನು ಕೂಗಿದಾಗಲೆಲ್ಲ ಸಿಡಿಲು ಬಂತು. ಕೂಗದೆ ಒಂದೂ ಬರಲಿಲ್ಲ. ಊರಲ್ಲಿ ಯಾರಿಗೂ ಏನೂ ಆಗಲಿಲ್ಲ. ಪುಣೆಯಲ್ಲಿರುವ ಅವಳ ಶಿಷ್ಯ ಸಿದ್ದಾರ್ಥ್ ಫೋನು ಮಾಡಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿಗೆ ಇಂಥ ಸೈರನ್ ಹಾಕಿಸುವುದಕ್ಕೆ ಒಂದು ಸಮಿತಿ ಆಗಿದೆ, ಇನ್ನೊಂದು ಬೇಸಿಗೆ ಹೀಗೇ ಒಂದೂ ಸುಳ್ಳಾಗದೆ ನಡೆದರೆ ಒಪ್ಪಿಗೆ ಖಂಡಿತ ಎಂದ. ಅಕ್ಕ ಆವತ್ತು ಕಾಫಿಯನ್ನು ಬಿಸಿಯಾಗಿಯೇ ಕುಡಿದಳು.

ಎರಡನೇ ವರ್ಷದ ಮೇ ತಿಂಗಳು. ಮಧ್ಯಾಹ್ನ ಊಟವಾಗಿ ನಾನು ತಟ್ಟೆ ತೊಳೆಯುತ್ತಿದ್ದೆ. ತಾರಸಿಯ ಮೇಲೆ ಸೈರನ್ನು ಕೂಗಿತು. ಅಕ್ಕ ನಡುಮನೆಯಿಂದಲೇ, "ಬಾಗ್ಲು ಹಾಕು, ಕಿಟಕಿ ಹಾಕು, ನಲ್ಲಿ ಮುಟ್ಬೇಡ" ಎಂದಳು. ಇದು ಪ್ರತಿಸಲದ ಪಾಠ. ಇಬ್ಬರೂ ಒಳಗೆ ಕೂತೆವು. ಕೂತೆವು ಎಂದರೆ ನಾನು ಕೂತೆ, ಅವಳು ಕಂಪ್ಯೂಟರಿನ ಪರದೆಯ ಮುಂದೆ ಅತ್ತಿಂದಿತ್ತ ನಡೆಯುತ್ತಿದ್ದಳು. ಹೊರಗೆ ಗಾಳಿ ಎದ್ದು ತೆಂಗಿನ ಗರಿಗಳು ಬಡಿದಾಡತೊಡಗಿದವು. ಸಿಡಿಲು ತಾಗದಿರಲೆಂದು ನಾನು ಅಭ್ಯಾಸಬಲದಿಂದ ಅರ್ಜುನ, ಫಲ್ಗುಣ, ಪಾರ್ಥ ಎಂದು ಗೊಣಗಿದೆ. "ಅರ್ಜುನನ್ನ ಯಾಕೆ ಕರೀತೀಯೇ, ನಾನಿಲ್ವಾ," ಎಂದು ಅಕ್ಕ ನಕ್ಕಳು. ಮಾತು ಮುಗಿಯುವ ಮೊದಲೇ ಹಿಂದಿನ ಬೀದಿಯ ಕಡೆ ಸಿಡಿಲು ಬಿತ್ತು. ಮನೆ ಅದುರಿತು, ದೀಪ ಹೋಯಿತು.

ಮಳೆಯ ಸದ್ದಿನ ನಡುವೆ ಯಾರೋ ಬಾಯಿ ಬಡಿದುಕೊಳ್ಳುವುದು ಕೇಳಿಸಿತು. ಹೋದದ್ದು ರಂಗಕ್ಕ. ನನ್ನ ಜೊತೆ ಒಂದೇ ಮಣೆಯ ಮೇಲೆ ಕೂತು ಅ ಆ ಇ ಈ ತಿದ್ದಿದವಳು, ನಂಜುಂಡಪ್ಪನ ಹೆಂಡತಿ. ಅವಳ ಅಂಗಳದ ತೆಂಗಿನ ಮರಕ್ಕೆ ಸಿಡಿಲು ಬಡಿದು ಮರದ ಬುಡದಲ್ಲಿದ್ದ ಅವಳನ್ನೂ ಕೊಂದಿತ್ತು. ನಾವು ಹೋದಾಗ ಜಗಲಿಯ ಮೇಲೆ ಮಲಗಿಸಿದ್ದರು. ಮೈಮೇಲೆ ಒಂದು ಗಾಯವೂ ಇರಲಿಲ್ಲ, ಸೀರೆಯ ಸೆರಗು ಮಾತ್ರ ಸುಟ್ಟಿತ್ತು. ನಾನು ಅತ್ತೆ. ಅಕ್ಕ ಅಳಲಿಲ್ಲ. ಅವಳು ಮರ ನೋಡಿದಳು, ಅಂಗಳ ನೋಡಿದಳು, ಕೈಗಡಿಯಾರ ನೋಡಿಕೊಂಡಳು.

"ಇವ್ಳು ಯಾಕೆ ಹೊರಗಿದ್ಲು?" ಎಂದು ಪಿಸುಗುಟ್ಟಿದಳು. "ಸೈರನ್ ಕೇಳಿಸ್ಲಿಲ್ವಾ ಇವ್ಳಿಗೆ?"

ಉತ್ತರ ಕೊಟ್ಟವಳು ನಮ್ಮ ಪಕ್ಕದ ಮನೆ ಭೈರಮ್ಮ. ಕಣ್ಣೊರೆಸಿಕೊಂಡು ಅಕ್ಕನ ಕೈ ಹಿಡಿದಳು. "ಕೇಳುಸ್ದೆ ಏನು ಡಾಕ್ಟ್ರಮ್ಮ. ನಿಮ್ ಸೈರನ್ನು ಏನ್ ಚೆನ್ನಾಗಿ ಕೂಗ್ತು ಅಂತೀರಾ. ಕೂಗಿದ್ದೇ ತಡ, ಊರೋರೆಲ್ಲ ಓಡ್ಬಂದು ಕೊಬ್ರಿ ಎತ್ತಿಟ್ಕಂಡ್ವಿ. ಒಂದುಂಡೇನೂ ನೆನೀಲಿಲ್ಲ. ಹೋದ್ವರ್ಸದಿಂದ ಯಾರ ಕೊಬ್ರೀನೂ ನೆಂದಿಲ್ಲ ಕಣವ್ವ, ನಿಮ್ ಹೊಟ್ಟೆ ತಣ್ಣಗಿರ್ಲಿ. ಪಾಪ, ರಂಗಕ್ಕಂದು ಈ ಸಲ ಜಾಸ್ತಿ ಹರವಿತ್ತು. ಇನ್ನೂ ಟೈಮ್ ಐತೆ, ಇನ್ನೂ ಟೈಮ್ ಐತೆ ಅಂತ ತುಂಬ್ತಾನೇ ಇದ್ಲು."

"ಸೈರನ್ ಆದ್ಮೇಲೆ ಎಲ್ಲಾರೂ ಹೊರಗೆ ಬಂದ್ರಾ?"

"ಮತ್ತೆ? ಒಳಗೆ ಕೂತ್ರೆ ಕೊಬ್ರಿ ತಾನಾಗೇ ಎದ್ದು ಬತ್ತದಾ?"

ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗೊಟಗೊಟ ಎನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಇಡೀ ಉಂಡೆಯಾಗಿ ಕೊಬ್ಬರಿ ತೆಗೆದು, ತಿಪಟೂರು ಮಾರುಕಟ್ಟೆಗೆ ಹೊರಡುವ ಮೊದಲು ಒಂದಷ್ಟು ದಿನ ಅಂಗಳದಲ್ಲಿ ಬಿಸಿಲಿಗೆ ಹರವುತ್ತೇವೆ. ಆಗ ಮಳೆಹನಿ ಬಿದ್ದರೆ ಬೂಷ್ಟು ಹಿಡಿದು ಒಂದು ವರ್ಷದ ಕಾಯುವಿಕೆ ತಿಪ್ಪೆಗೆ. ಟಾರ್ಪಾಲು ಹೊದಿಸಿದರೆ ಒಳಗೇ ಬೆವರಿ ಮುಗ್ಗುತ್ತದೆ. ಹಾಗಾಗಿ ಈ ಸೀಮೆಯ ಮಗು ಗುಡುಗು ಕೇಳಿದರೆ ಅಮ್ಮನ ಸೆರಗಿಗೆ ಓಡುವುದಿಲ್ಲ, ಬಿದಿರಿನ ಮಂಕರಿ ಹಿಡಿದು ಅಂಗಳಕ್ಕೆ ಓಡುತ್ತದೆ. ಅಕ್ಕನೂ ಹಾಗೇ ಓಡಿದವಳು. ಐವತ್ತು ವರ್ಷ ಮೋಡದ ಕಡೆ ನೋಡಿ ನೋಡಿ ಅಂಗಳ ಮರೆತಿದ್ದಳು.

ಮೊದಲಾದರೆ ಗುಡುಗು ತಲೆಯ ಮೇಲೆ ಬಂದಾಗಲೇ ಗೊತ್ತಾಗುತ್ತಿದ್ದುದರಿಂದ ಧೈರ್ಯವಿದ್ದವರು ನಾಲ್ಕು ಮಂಕರಿ ಎತ್ತಿ, ಉಳಿದದ್ದನ್ನು ದೇವರಿಗೆ ಬಿಟ್ಟು ಒಳಗೆ ಓಡುತ್ತಿದ್ದರು. ಈಗ ಸೈರನ್ನು ಎಲ್ಲರಿಗೂ ಧೈರ್ಯ ಕೊಟ್ಟಿತ್ತು. ಡಾಕ್ಟ್ರಮ್ಮನ ಲೆಕ್ಕ ತಪ್ಪುವುದಿಲ್ಲ, ಇನ್ನೂ ಟೈಮಿದೆ ಎಂದು ಇಡೀ ಊರು ಸಿಡಿಲು ಬೀಳುವ ಸರಿಯಾದ ಹೊತ್ತಿಗೆ ತೆಂಗಿನ ಮರಗಳ ಅಡಿಯಲ್ಲಿ ಬಗ್ಗಿ ನಿಂತಿರುತ್ತಿತ್ತು. ಸೈರನ್ ಕೂಗಿದಾಗ ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದವರು ಅಕ್ಕ, ಅವಳ ಜೊತೆಗೆ ನಾನು, ಇಬ್ಬರೇ. ಅದಕ್ಕೇ ಬೀದಿಯಲ್ಲಿ ಏನಾಗುತ್ತಿದೆ ಎಂದು ನಮ್ಮಿಬ್ಬರಿಗೇ ಗೊತ್ತಾಗಲಿಲ್ಲ.

ಯಾರೂ ಅವಳನ್ನು ದೂರಲಿಲ್ಲ. ದೂರಿದ್ದರೆ ಅವಳಿಗೆ ತಡೆದುಕೊಳ್ಳಲು ಆಗುತ್ತಿತ್ತೇನೋ. ಬಂದವರೆಲ್ಲ ರಂಗಕ್ಕನ ಕಾಲಿಗೆ ನಮಸ್ಕಾರ ಮಾಡಿ, ತಿರುಗಿ ಅಕ್ಕನಿಗೆ ಕೈ ಮುಗಿದು ಹೋಗುತ್ತಿದ್ದರು. ಅಕ್ಕನ ಮುಖ ನೋಡಲು ನನಗೆ ಆಗಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳ ಓಡಾಟ ನೋಡಲಾರದಷ್ಟಾಯಿತು. ತಾರಸಿಗೆ ಹತ್ತುವಳು, ಯಂತ್ರದ ಮುಂದೆ ನಿಲ್ಲುವಳು, ಇಳಿಯುವಳು. ಮಾತನಾಡಿಸಿದರೆ ಸಿಡುಕು. ಸಿದ್ದಾರ್ಥ್ ಫೋನು ಮಾಡಿದ. ಸ್ಪೀಕರಿಗೆ ಹಾಕಿದ್ದಳು, ನನಗೂ ಕೇಳಿಸಿತು.

"ಮೇಡಂ, ತುಂಬಾ ಬೇಜಾರಿನ ವಿಷಯ. ಆದ್ರೆ ನಮ್ಮ ಸೂಚನೆಯಲ್ಲಿ ಏನೂ ತಪ್ಪಿಲ್ಲ. ಸೈರನ್ ಸರಿಯಾದ ಹೊತ್ತಿಗೇ ಆಗಿದೆ. ಜನ ಮಾತು ಕೇಳ್ದೆ ಹೊರಗೆ ಹೋದ್ರೆ ಅದು ನಮ್ಮ ತಪ್ಪು ಹೇಗಾಗುತ್ತೆ? ಸಮಿತಿಗೆ ಇದೂ ಯಶಸ್ಸು ಅಂತಾನೇ ಹೋಗುತ್ತೆ."

"ಯಶಸ್ಸಾ?" ಎಂದಳು ಅಕ್ಕ. ಫೋನು ಇಟ್ಟಳು.

ಮತ್ತೆ ಮನೆಮನೆಗೂ ಹೋದಳು. ಈ ಸಲ ಕೈ ಮುಗಿದು ಕೇಳಿಕೊಂಡಳು. ಕೊಬ್ಬರಿ ಹೋದರೆ ಹೋಗಲಿ, ಜೀವ ಉಳಿಸಿಕೊಳ್ಳಿ ಎಂದಳು. ಎಲ್ಲರೂ ಮಣೆ ಹಾಕಿ ಕೂರಿಸಿ, ಮಜ್ಜಿಗೆ ಕೊಟ್ಟು, "ಆಯ್ತು ಕಣವ್ವ" ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ನಾನು ಸಿಟ್ಟಿನಲ್ಲಿ ಅಂದೆ. "ಕೋಣ ನಾನು ಕಣೇ," ಎಂದಳು.

ರಂಗಕ್ಕನ ತಿಥಿಯಾಗಿ ಒಂದು ವಾರವಾಗಿತ್ತು. ಕಿಬ್ಬನಹಳ್ಳಿಯ ಕಡೆ ಮೋಡ ಕಪ್ಪಾಗಿ, ಸಂಜೆ ಸೈರನ್ನು ಕೂಗಿತು. ಅಕ್ಕ ಬಾಗಿಲು ಹಾಕು ಎನ್ನಲಿಲ್ಲ. ತಾನೇ ಹೋಗಿ ಬಾಗಿಲು ತೆರೆದಳು. ನಾನು ಅವಳ ಬೆನ್ನ ಹಿಂದೆ ನಿಂತೆ. ಬೀದಿಗೆ ಬೀದಿಯೇ ಹೊರಗಿತ್ತು. ಗಂಡಸರು, ಹೆಂಗಸರು, ಸ್ಕೂಲಿನ ಮಕ್ಕಳು, ಎಲ್ಲರೂ ಬಗ್ಗಿಕೊಂಡು ಕೊಬ್ಬರಿ ಬಾಚಿ ಮಂಕರಿಗೆ ತುಂಬುತ್ತಿದ್ದರು. ಹಿಂದಿನ ಬೀದಿಯ ತಿರುವಿನಲ್ಲಿ ನಂಜುಂಡಪ್ಪನೂ ಕಾಣುತ್ತಿದ್ದ. ತಲೆಗೆ ಟವೆಲು ಸುತ್ತಿಕೊಂಡು, ಅದೇ ಸುಟ್ಟ ಮರದ ಬುಡದಲ್ಲಿ.

"ಒಳಗೋಗ್ರೋ," ಎಂದು ಅಕ್ಕ ಬೀದಿಯ ನಡುವೆ ನಿಂತು ಕೂಗಿದಳು. "ಬಿಟ್ಟು ಒಳಗೋಗ್ರೋ."

ಭೈರಮ್ಮ ತಲೆಯೆತ್ತಿ ನೋಡಿದಳು. ಅವಳಿಗೆ ಗಾಬರಿಯಾಯಿತು. "ನೀವ್ಯಾಕ್ ಬಂದ್ರಿ ಡಾಕ್ಟ್ರಮ್ಮ? ಸೈರನ್ ಆಗೈತೆ, ಒಳಗೋಗಿ. ಶಾಂತಕ್ಕ, ಕರ್ಕೊಂಡೋಗವ್ವ ಅವ್ರನ್ನ."

ಅವಳನ್ನು ಎಳೆದುಕೊಂಡು ಒಳಗೆ ಬಂದೆ. ಆವತ್ತು ಸಿಡಿಲು ಕೆರೆಯ ಆಚೆ ಎಲ್ಲೋ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಕ್ಕ ಊಟ ಮಾಡಲಿಲ್ಲ. ನಡುಮನೆಯ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಲೇ ಇದ್ದಳು. ಸೈರನ್ನನ್ನು ಕಿತ್ತು ಬಿಸಾಕುತ್ತೇನೆ ಎಂದಳು. ಮರುಕ್ಷಣ, ಕಿತ್ತರೆ ತೋಟದಲ್ಲಿರುವವರು, ಕುರಿ ಕಾಯುವವರು ಏನು ಮಾಡುತ್ತಾರೆ ಎಂದಳು.

ನನಗೆ ತಲೆ ಚಿಟ್ಟುಹಿಡಿಯಿತು. "ಅಕ್ಕ, ನಿಂತ್ಕೊಂಡು ಕೇಳು. ಜನ ಕೊಬ್ರಿ ಬಿಟ್ಟು ಒಳಗೆ ಬರಲ್ಲ. ನಮ್ಮಪ್ಪ ಇದ್ದಿದ್ರೆ ಬರ್ತಿದ್ರಾ? ಇಲ್ಲ. ಹಂಗಾದ್ಮೇಲೆ ಕೊಬ್ರಿ ಮೊದ್ಲೇ ಒಳಗೆ ಹೋಗಿರ್ಬೇಕು. ಒಂದೆರಡು ಗಂಟೆ ಮುಂಚೆ ಹೇಳಕಾಗಲ್ವಾ ನಿಂಗೆ?"

"ಆಗಲ್ಲ. ಎರಡು ಗಂಟೆ ಮುಂಚೆ ಗಾಳೀಲಿ ಏನೂ ಇರಲ್ಲ."

"ಮೊಬೈಲಲ್ಲಿ ಮೋಡದ ಚಿತ್ರ ಬರುತ್ತಲ್ಲ. ಸೆಕೆ, ಗಾಳಿ, ಇದೆಲ್ಲ ನೋಡಿ ಒಂದು ಅಂದಾಜು."

"ಅಂದಾಜು ಅಂದ್ರೆ ಹತ್ತಕ್ಕೆ ಆರು ಸಲ ಸುಳ್ಳಾಗುತ್ತೆ ಕಣೇ."

"ಆಗ್ಲಿ."

"ಆಗ್ಲಿ ಅಂದ್ರೇನೇ? ಗೊತ್ತಿಲ್ದೇ ಇರೋದನ್ನ ಗೊತ್ತಿದೆ ಅಂತ ಹೇಳಕ್ಕೆ ನಾನೇನು ಪಂಚಾಂಗ ಓದೋಳಾ?"

"ಗೊತ್ತಿದೆ ಅಂತ ಹೇಳ್ಬೇಡ. ಗೊತ್ತಿಲ್ಲ, ಬಹುಶಃ ಬರಬಹುದು ಅಂತ ಹೇಳು."

ಅವಳು ನನ್ನನ್ನು ನೋಡಿದ ನೋಟ ಹೇಳುವ ಹಾಗಿಲ್ಲ. ಹೈಸ್ಕೂಲು ಟೀಚರು ನನಗೆ ಪಾಠ ಹೇಳುತ್ತಾಳೆ ಎನ್ನುವಂತಿತ್ತು. ಮುಖ ತಿರುಗಿಸಿಕೊಂಡು ತಾರಸಿಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಮೈಕಿನ ಸದ್ದಾಯಿತು. ಅಲ್ಲಿ ಸಾಮಾನ್ಯವಾಗಿ ದನಗಳಿಗೆ ಚುಚ್ಚುಮದ್ದಿದೆ, ಬಟವಾಡೆ ಇದೆ ಎಂದು ಕೂಗುತ್ತಾರೆ. ಆವತ್ತು ಕೇಳಿಸಿದ್ದು ಅಕ್ಕನ ಗಂಟಲು. "ನಾನು ವನಜಾಕ್ಷಿ ಮಾತಾಡ್ತಾ ಇದೀನಿ. ಇವತ್ತು ಮಧ್ಯಾಹ್ನದ ಮೇಲೆ ಮಳೆ ಗುಡುಗು ಬಹುಶಃ ಬರಬಹುದು. ಬರದೇನೂ ಇರಬಹುದು. ಊಟದ ಹೊತ್ತಿಗೆಲ್ಲ ಕೊಬ್ಬರಿ ಎತ್ತಿ ಒಳಗಿಟ್ಕೊಳಿ." ಬಹುಶಃ ಎನ್ನುವಲ್ಲಿ ಅವಳ ಧ್ವನಿ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗಿತ್ತು.

ಊರು ಕೊಬ್ಬರಿ ಎತ್ತಿತು. ಡಾಕ್ಟ್ರಮ್ಮ ಹೇಳಿದ್ದು ಎಂದರೆ ಸುಳ್ಳಾಗುವುದುಂಟೇ? ಮಧ್ಯಾಹ್ನ ಬಿಸಿಲು ಕಾಯಿತು. ಸಂಜೆಗೆ ಮೋಡದ ಒಂದು ಚೂರೂ ಇರಲಿಲ್ಲ. ಅಕ್ಕ ಡೈರಿಗೆ ಹೋಗಿ ಮತ್ತೆ ಮೈಕು ಹಿಡಿದಳು. "ವನಜಾಕ್ಷಿ. ನನ್ನ ಅಂದಾಜು ತಪ್ಪಾಯ್ತು. ನಾಳೆ ಬೆಳಿಗ್ಗೆ ಕೊಬ್ಬರಿ ಮತ್ತೆ ಹರವಿಕೊಳ್ಳಿ." ತಪ್ಪಾಯ್ತು ಎಂದು ಅವಳು ಹೇಳಿದ್ದನ್ನು ನಾನು ಹುಟ್ಟಿದ ಮೇಲೆ ಕೇಳಿದ್ದು ಅದೇ ಮೊದಲು.

ಮತ್ತೊಂದು ದಿನ ಕೂಗಿದಳು, ಅದೂ ಸುಳ್ಳಾಯಿತು. ಅದರ ಮುಂದಿನದು ಅಮ್ಮಸಂದ್ರದ ಕಡೆ ಹೋಗಿ ಸುರಿದು ನಮಗೆ ಬರೀ ಧೂಳೆಬ್ಬಿಸಿತು. ಜನ ಗೊಣಗತೊಡಗಿದರು. ತೋಳ ಬಂತು ತೋಳ ಎಂದು ಹುಡುಗರು ಅವಳ ಹಿಂದೆ ಕೂಗಿದರು. ನನಗೆ ಸಿಟ್ಟು ಬಂದು ಓಡಿಸಿಕೊಂಡು ಹೋದೆ. ಅಕ್ಕ, "ಬಿಡೇ, ಅವರು ಹೇಳ್ತಿರೋದ್ರಲ್ಲಿ ತಪ್ಪೇನಿದೆ," ಎಂದು ನಡೆದಳು. ಭೈರಮ್ಮ ಮಾತ್ರ ನೇರವಾಗಿಯೇ ಬಂದು ಕೇಳಿದಳು.

"ಅಲ್ಲ ಕಣವ್ವ, ನಿಮ್ ಸೈರನ್ನು ಒಂದ್ಸಲಾನೂ ಸುಳ್ಳೇಳಿಲ್ಲ. ನೀವ್ಯಾಕ್ ಹಿಂಗ್ ಸುಳ್ಳೇಳ್ತೀರಿ? ಎತ್ತೋದು ಹರವೋದು, ಎತ್ತೋದು ಹರವೋದು. ಸೊಂಟ ಬಿದ್ದೋಯ್ತು."

"ನನ್ನ ಸೊಂಟಾನೂ ಬೀಳ್ಲಿ ಬಾ," ಎಂದು ಅಕ್ಕ ಸೆರಗು ಸಿಕ್ಕಿಸಿಕೊಂಡು ಅವಳ ಅಂಗಳಕ್ಕೇ ಹೋಗಿ ಕೊಬ್ಬರಿ ಹರವತೊಡಗಿದಳು. ಅದೇ ಶುರು. ಆಮೇಲೆ ಅಂದಾಜು ಸುಳ್ಳಾದಾಗಲೆಲ್ಲ ಮಾರನೆಯ ಬೆಳಿಗ್ಗೆ ಯಾವುದಾದರೊಂದು ಅಂಗಳದಲ್ಲಿ ಅಕ್ಕ ಬಗ್ಗಿರುತ್ತಿದ್ದಳು, ಜೊತೆಗೆ ನಾನೂ. ಊರು ಮೊದಲು ಸಂಕೋಚಪಟ್ಟಿತು, ಆಮೇಲೆ ನಕ್ಕಿತು, ಆಮೇಲೆ ಅಭ್ಯಾಸ ಮಾಡಿಕೊಂಡಿತು. "ಇವತ್ತು ಡಾಕ್ಟ್ರಮ್ಮಂದು ಯಾರ ಮನೇಲಿ ಕೂಲಿ?" ಎಂದು ಡೈರಿಯಲ್ಲಿ ಕೇಳಿಕೊಳ್ಳುತ್ತಿದ್ದರು. ನಗುತ್ತಲೇ ಕೊಬ್ಬರಿ ಎತ್ತುತ್ತಿದ್ದರು.

ಸಿದ್ದಾರ್ಥನಿಗೆ ವಿಷಯ ಹೇಗೋ ತಿಳಿದು ಫೋನು ಮಾಡಿದ. ಸಮಿತಿಯಲ್ಲಿ ಯಾರೋ, ಮೇಡಂ ಊರಲ್ಲಿ ಭವಿಷ್ಯ ಹೇಳುತ್ತಿದ್ದಾರಂತೆ, ಎಲ್ಲ ಸುಳ್ಳಾಗುತ್ತಿದೆಯಂತೆ ಎಂದು ನಕ್ಕರಂತೆ. "ಸೈರನ್ನಿಗೂ ಕೆಟ್ಟ ಹೆಸರು ಬರುತ್ತೆ ಮೇಡಂ. ಮೂವತ್ತು ವರ್ಷದ ಕೆಲಸ. ಒಪ್ಪಿಗೆ ಆಗೋವರೆಗಾದ್ರೂ ನಿಲ್ಸಿ."

"ಅಷ್ಟರೊಳಗೆ ಇನ್ನೊಂದು ಸಿಡಿಲು ಬೀಳಲ್ಲ ಅಂತ ನಿಂಗೆ ಖಚಿತವಾಗಿ ಗೊತ್ತೇನಪ್ಪ?" ಎಂದು ಅಕ್ಕ ಕೇಳಿದಳು. ಆವತ್ತೂ ಅವಳು ಗೋಡೆಯಿಂದ ಗೋಡೆಗೆ ನಡೆದಳು. ಮೂರು ತಾಲ್ಲೂಕು ಎಂದರೆ ಸಣ್ಣ ಮಾತಲ್ಲ. ಅದು ಅವಳ ಕಣ್ಣ ಮುಂದೆಯೇ ಕೈಬಿಟ್ಟು ಹೋಗುತ್ತಿತ್ತು.

ಕೊನೆಗೆ ಒಂದು ಅಂದಾಜು ನಿಜವಾಯಿತು. ಬೆಳಿಗ್ಗೆ ಮೈಕಿನಲ್ಲಿ ಕೂಗಿದ್ದಳು, ಊಟದ ಹೊತ್ತಿಗೆ ಊರು ಕೊಬ್ಬರಿಯನ್ನೆಲ್ಲ ಒಳಗೆ ತುಂಬಿತ್ತು. ಮಧ್ಯಾಹ್ನ ಸೆಕೆ ಕುದಿಯಿತು. ನಾಲ್ಕು ಗಂಟೆಯ ಸುಮಾರಿಗೆ ಬಡಗಣ ಆಕಾಶ ಮಸಿಯಾಗಿ, ತಾರಸಿಯ ಮೇಲೆ ಸೈರನ್ನು ಕೂಗಿತು. ಅಕ್ಕ ಬಾಗಿಲು ತೆರೆದಳು.

ಬೀದಿ ಖಾಲಿಯಿತ್ತು. ಅಂಗಳಗಳು ಖಾಲಿಯಿದ್ದವು. ಎಲ್ಲ ಬಾಗಿಲುಗಳೂ ಹಾಕಿದ್ದವು. ಒಂದು ಕೋಳಿ ಕೂಡ ಹೊರಗಿರಲಿಲ್ಲ. "ನೋಡಕ್ಕ, ನೋಡು," ಎಂದೆ. ಅವಳು ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಹಿಂದಿನ ಬೀದಿಯ ತಿರುವನ್ನೇ ನೋಡುತ್ತಿದ್ದಳು. ಅಲ್ಲಿ ನಂಜುಂಡಪ್ಪ ತನ್ನ ಖಾಲಿ ಅಂಗಳದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ.

ನಾನು ಹಿಡಿದುಕೊಳ್ಳುವಷ್ಟರಲ್ಲಿ ಅಕ್ಕ ಮೆಟ್ಟಿಲು ಇಳಿದಿದ್ದಳು. ಸೈರನ್ ಕೂಗಿದ ಮೇಲೆ ಹೊರಗೆ ಕಾಲಿಡಬಾರದು ಎಂದು ಹೇಳಿ ಹೇಳಿ ನಾಲಗೆ ಸವೆಸಿದವಳು ಚಪ್ಪಲಿಯನ್ನೂ ಹಾಕಿಕೊಳ್ಳದೆ ಬೀದಿಯಲ್ಲಿ ಓಡುತ್ತಿದ್ದಳು. ನಾನೂ ಬೈದುಕೊಂಡು ಹಿಂದೆಯೇ ಓಡಿದೆ.

"ಏಳು ನಂಜುಂಡ, ಒಳಗೆ ನಡಿ," ಎಂದಳು ಅವನ ಮುಂದೆ ನಿಂತು.

"ಬತ್ತೀನಿ ಬುಡಿ ವನಜಕ್ಕ. ಇನ್ನೂ ಟೈಮ್ ಐತಲ್ಲ." ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಕೊಬ್ರಿ ಎಲ್ಲಾ ಒಳಗೈತೆ. ಎತ್ತಕೆ ಏನೂ ಇಲ್ಲ. ಸೈರನ್ ಆಯ್ತು, ಏನ್ಮಾಡಾದು ಅಂತ ಗೊತ್ತಾಗ್ಲಿಲ್ಲ. ಸುಮ್ನೆ ಕೂತ್ಕಂಡೆ."

ಗಾಳಿ ಬೀಸಿತು. ತಲೆಯ ಮೇಲೆ ಆ ಮರದ ಸುಟ್ಟ ಗರಿಗಳು ಕರಕರ ಎಂದವು. ಅಕ್ಕ ಅವನ ರಟ್ಟೆ ಹಿಡಿದು ಎಳೆದಳು. ಅವನು ಏಳಲಿಲ್ಲ.

"ಆವತ್ತೂ ಹಿಂಗೇ ಬೆಳಿಗ್ಗೆ ಕ್ವಾಟ್ಲೆ ಕೊಟ್ಟು ಎತ್ತಿಸ್ಬುಟ್ಟಿದ್ರೆ ಅವ್ಳೂ ಒಳಗೇ ಇರೋಳು," ಎಂದ.

ಸಮಾಧಾನದ ಮಾತು ನನ್ನ ಬಾಯಿಗೆ ಬಂದಿತ್ತು. ಹಣೆಬರಹ ಕಣಪ್ಪ ಎನ್ನಬೇಕೆಂದಿದ್ದೆ. ಅಕ್ಕ ಅಷ್ಟರಲ್ಲಿ ಅವನ ಪಕ್ಕದಲ್ಲಿ, ಅದೇ ಕಲ್ಲಿನ ಮೇಲೆ ಕೂತುಬಿಟ್ಟಳು.

"ಹೂಂ ಕಣಪ್ಪ. ಇರೋಳು," ಎಂದಳು. "ಹೋದ್ವರ್ಷಾನೇ ನಾನು ಮೈಕಲ್ಲಿ ಕೂಗಬೋದಿತ್ತು. ಸುಳ್ಳಾದ್ರೆ ನನ್ನ ಹೆಸರು ಹಾಳಾಗುತ್ತೆ ಅಂತ ಗೊತ್ತಿದ್ದಷ್ಟೇ ಹೇಳ್ಕೊಂಡು ಒಳಗೆ ಕೂತಿದ್ದೆ. ನೀವೆಲ್ಲ ಏನ್ ಮಾಡ್ತಿದೀರ ಅಂತ ಒಂದಿನ ಬಾಗ್ಲು ತೆಗೆದು ನೋಡ್ಲಿಲ್ಲ. ರಂಗಿ ಹೋಗಿದ್ದು ನನ್ನಿಂದ."

ಅವನು ಮೊದಲ ಸಲ ಅವಳ ಮುಖ ನೋಡಿದ. ಆಮೇಲೆ ಆಕಾಶ ನೋಡಿದ. ನಾನು ಇಬ್ಬರ ಮುಂದೆಯೂ ಕೈ ಮುಗಿದು ನಿಂತಿದ್ದೆ.

"ನೀನು ಏಳೋತನಕ ನಾನೂ ಏಳಲ್ಲ," ಎಂದಳು ಅಕ್ಕ.

ದೂರದಲ್ಲಿ ಗುಡುಗಿತು. ನಂಜುಂಡಪ್ಪ ಎದ್ದ. ಎದ್ದು ಅಕ್ಕನ ಕೈ ಹಿಡಿದು ಎಬ್ಬಿಸಿದ. "ನಡೀರಿ. ನಿಮ್ದೊಂದು ಪಾಪ ನಂಗ್ಯಾಕೆ," ಎಂದು ನಮ್ಮಿಬ್ಬರನ್ನೂ ತನ್ನ ಮನೆಯೊಳಗೆ ಕಳಿಸಿ, ಕೊನೆಯಲ್ಲಿ ತಾನು ಬಂದು ಬಾಗಿಲು ಹಾಕಿದ. ಒಳಗೆ ಗೋಡೆಯವರೆಗೆ ಕೊಬ್ಬರಿಯ ರಾಶಿಯಿತ್ತು. ಅದರ ಪಕ್ಕದಲ್ಲಿ ಮೂವರೂ ನೆಲದ ಮೇಲೆ ಕೂತೆವು. ಸಿಡಿಲು ಎಲ್ಲೋ ತೋಟದ ಕಡೆ ಬಿತ್ತು, ಮಳೆ ಹಿಡಿಯಿತು.

ಮಳೆ ಸ್ವಲ್ಪ ಇಳಿದ ಮೇಲೆ ಅವನು ಅಕ್ಕನ ಕಡೆ ತಿರುಗದೆಯೇ ಕೇಳಿದ. "ನಾಳೆನೂ ಬರಬೋದಾ?"

"ಗೊತ್ತಿಲ್ಲ ನಂಜುಂಡ."

"ಗೊತ್ತಿಲ್ದಿದ್ರೂ ಕೂಗಿ," ಎಂದ ಅವನು. ಅಕ್ಕ ಹೂಂ ಎಂದಳು. ಅವಳು ಅಳುತ್ತಿದ್ದಳು, ಮುಖ ಮುಚ್ಚಿಕೊಂಡಿರಲಿಲ್ಲ.